ಹೆಸರು ಸರಿಯಾಗಿ ಹೇಳಿ: ಎಸ್ಕ್ರಿಮಾ ಹಿರಿಯರ ಮುಂದೆ ನಡೆದುಕೊಳ್ಳುವ ಬಗೆ

ನನಗೆ ಎಸ್ಕ್ರಿಮಾ, ಅಂದರೆ ಫಿಲಿಪೀನ್ಸ್‌ನ ಕೋಲು-ಕತ್ತಿಯ ವಿದ್ಯೆ, ಕಲಿಸಿದ ಮೇಷ್ಟ್ರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಒಂದು ಟಾರ್ಪಾಲಿನ್ ಬ್ಯಾನರ್ ಮಾಡಿಸಿದ್ದೆ. ಅವರ ಊರಾದ ಫಿಲಿಪೀನ್ಸ್‌ನ ಸೆಬುವಿನಲ್ಲಿ ಹುಟ್ಟುಹಬ್ಬ, ಮದುವೆ, ಮಕ್ಕಳು ಪರೀಕ್ಷೆ ಪಾಸಾದದ್ದು, ಏನೇ ಇರಲಿ, ಮನೆ ಮುಂದೆ ಬಣ್ಣದ ಟಾರ್ಪಾಲಿನ್ ಕಟ್ಟುತ್ತಾರೆ. ನಾನು ದೊಡ್ಡ ಅಕ್ಷರದಲ್ಲಿ 'ಗ್ರ್ಯಾಂಡ್‌ಮಾಸ್ಟರ್' ಎಂದು ಹಾಕಿಸಿದ್ದೆ. ಕೆಳಗೆ ಅವರ ಹೆಸರು ಮತ್ತು ಮನೆತನದ ಹೆಸರು. ಎರಡೂ ಬದಿಗೆ ಬೆತ್ತದ ಕೋಲುಗಳು.

ಅವರು ಅದನ್ನು ತುಂಬಾ ಹೊತ್ತು ನೋಡಿದರು. ಬೈಯಲಿಲ್ಲ. ಬಣ್ಣ ಚೆನ್ನಾಗಿದೆ ಎಂದರು. ಆಮೇಲೆ ಮೆಲ್ಲಗೆ ಕೇಳಿದರು: ನನಗೆ ಈ ಪಟ್ಟ ಕೊಟ್ಟವರು ಯಾರು? ನನ್ನ ಅಮ್ಮನ ಹೆಸರು ಎಲ್ಲಿ ಹೋಯಿತು? ನನಗೆ ಕಲಿಸಿದವರು ಇದರಲ್ಲಿ ಎಲ್ಲಿದ್ದಾರೆ?

ಮಗಳು ಟಾರ್ಪಾಲಿನ್ ಮಡಚಿ ಒಳಗಿಟ್ಟಳು. ಊಟ, ಹಾಡು ಎಲ್ಲ ಎಂದಿನಂತೆ ನಡೆಯಿತು. ನನಗೆ ಮಾತ್ರ ತುತ್ತು ಇಳಿಯಲಿಲ್ಲ. ಆಗ ನಾನು ಅವರ ಹಿತ್ತಲಲ್ಲಿ ಕೋಲು ಹಿಡಿಯಲು ಶುರುಮಾಡಿ ಎರಡು ವರ್ಷವಾಗಿತ್ತು. ಹನ್ನೆರಡು ಹೊಡೆತಗಳನ್ನು ನಿದ್ದೆಯಲ್ಲೂ ಹೇಳುತ್ತಿದ್ದೆ. ಕಲಿಸಿದವರ ಹೆಸರು ಹೇಳಲು ಮಾತ್ರ ಬರುತ್ತಿರಲಿಲ್ಲ.

ಫಿಲಿಪೀನ್ಸ್‌ನ ಈ ವಿದ್ಯೆ ಕಲಿಯಲು ಹೊರಟಿರುವವರು, ಅಲ್ಲಿನ ಹಿರಿಯರೊಬ್ಬರನ್ನು ಮೊದಲ ಸಲ ನೋಡಲು ಹೋಗುವವರು ನನ್ನ ಹಾಗೆ ಎಡವಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಮೇಷ್ಟ್ರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ಅವರ ಮನೆಯವರ ಇಷ್ಟ.

ಮೊದಲು ಕಲೆಯ ಹೆಸರು

ಅರ್ನಿಸ್, ಎಸ್ಕ್ರಿಮಾ, ಕಾಲಿ. ಕೋಲು, ಕತ್ತಿ, ಚಾಕು, ಬರಿಗೈ ಸೇರಿದ ಈ ವಿದ್ಯೆಗೆ ಮೂರು ಹೆಸರೂ ಬಳಕೆಯಲ್ಲಿವೆ. 'ಅರ್ನಿಸ್' ಸ್ಪ್ಯಾನಿಷ್‌ನ 'ಆರ್ನೇಸ್' ಎಂಬ ಪದದಿಂದ ಬಂದದ್ದು. ಅದರ ಅರ್ಥ ಕವಚ. 'ಎಸ್ಕ್ರಿಮಾ' ಕೂಡ ಸ್ಪ್ಯಾನಿಷ್ ಮೂಲದ್ದೇ. ಅಲ್ಲಿ ಕತ್ತಿವರಸೆಗೆ 'ಎಸ್ಗ್ರಿಮಾ' ಎನ್ನುತ್ತಾರೆ. 'ಕಾಲಿ' ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಮಾತ್ರ ದೊಡ್ಡ ಜಗಳವೇ ಇದೆ.

2009ರ ಡಿಸೆಂಬರ್ 11ರಂದು ಸಹಿಯಾದ ರಿಪಬ್ಲಿಕ್ ಆಕ್ಟ್ 9850 ಅರ್ನಿಸ್ ಅನ್ನು ಫಿಲಿಪೀನ್ಸ್‌ನ ರಾಷ್ಟ್ರೀಯ ಸಮರಕಲೆ ಮತ್ತು ಕ್ರೀಡೆ ಎಂದು ಸಾರಿತು. ಅದೇ ಕಾನೂನು ಬೇರೆ ಹೆಸರುಗಳನ್ನೂ ಮರೆತಿಲ್ಲ. ಎಸ್ಕ್ರಿಮಾ, ಕಾಲಿ, ಗರೋತೆ, ತಗಾಲೋಗರ ಪನನಂದಾತ, ಇಬನಾಗರ ಪಗ್‌ಕಲಿಕಲಿ, ಪಂಗಸಿನಾನ್ ಕಡೆಯ ಕಲಿರೋಂಗನ್ ಎಲ್ಲವೂ ಅದರಲ್ಲಿವೆ. ಹಾಗಾಗಿ ಶಾಲೆಯ ಆಟದ ಮೈದಾನದಲ್ಲಿ ಕಲಿತ ಹುಡುಗಿ 'ಅರ್ನಿಸ್' ಅನ್ನುತ್ತಾಳೆ. ಅದೇ ಮನೆಯ ಅಜ್ಜ 'ಎಸ್ಕ್ರಿಮಾ' ಅನ್ನುತ್ತಾರೆ. ಇಬ್ಬರದೂ ಸರಿ.

ಹಾಗಾಗಿ ಮೊದಲ ಭೇಟಿಯಲ್ಲಿ ಕೇಳಿ: ನೀವು ಇದನ್ನು ಏನೆಂದು ಕರೆಯುತ್ತೀರಿ? ಅವರು ಹೇಳಿದ ಹೆಸರನ್ನೇ ಆ ಮನೆಯಲ್ಲಿ ಬಳಸಿ. ಸೆಬುವಿನ ಹಳಬರ ಮುಂದೆ 'ಕಾಲಿ' ಎಂದರೆ ಕೆಲವರು ನಕ್ಕು ಸುಮ್ಮನಾಗುತ್ತಾರೆ. ಕೆಲವರಿಗೆ ನಿಜವಾಗಿ ಬೇಸರವಾಗುತ್ತದೆ. ಇನ್ನೊಂದು ಕಡೆ ಕಾಲಿ ಎಂದೇ ತಲೆಮಾರುಗಳಿಂದ ಕಲಿಸುವ ಮನೆಗಳಿವೆ. ಅಲ್ಲಿ ಹೋಗಿ ಪದದ ಮೂಲದ ಬಗ್ಗೆ ವಾದ ಮಾಡಬೇಡಿ. ಹಳೆಯ ಕತೆಗಳ ವಿಷಯದಲ್ಲೂ ಹಾಗೆಯೇ. 1521ರ ಏಪ್ರಿಲ್ 27ರಂದು ಸೆಬು ಪಕ್ಕದ ಮಾಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪು-ಲಾಪುವಿನ ಜನ, ಸ್ಪೇನ್ ಪರವಾಗಿ ಹಡಗಿನಲ್ಲಿ ಬಂದಿದ್ದ ಮೆಗೆಲ್ಲನ್‌ನನ್ನು ಕೊಂದರು. ಮೆಗೆಲ್ಲನ್ ಜೊತೆ ಅಲ್ಲಿದ್ದ ಪಿಗಫೆಟ್ಟ ಎಂಬಾತ ಆ ಕಾಳಗದ ಬಗ್ಗೆ ಬರೆದಿಟ್ಟ. ಭರ್ಜಿ, ಬಾಣ, ಕತ್ತಿಗಳ ವಿವರ ಅದರಲ್ಲಿದೆ. ಯಾವ ವಿದ್ಯೆಯ ಹೆಸರೂ ಇಲ್ಲ. ಹಿರಿಯರು ಆ ದಿನವನ್ನು ತಮ್ಮ ವಿದ್ಯೆಗೆ ಜೋಡಿಸಿ ಹೇಳಿದರೆ ಭಕ್ತಿಯಿಂದ ಕೇಳಿ. ನೀವು ಬರೆಯುವಾಗ 'ನಮ್ಮ ಮೇಷ್ಟ್ರು ಹೀಗೆ ಹೇಳುತ್ತಾರೆ' ಎಂದು ಬರೆಯಿರಿ. ಅವರ ಮಾತಿಗೂ ಮರ್ಯಾದೆ, ಇತಿಹಾಸಕ್ಕೂ ಮರ್ಯಾದೆ.

ಎದುರಿಗೆ ಏನೆಂದು ಕರೆಯಬೇಕು

ಇದರಲ್ಲಿ ಜಾಸ್ತಿ ಎಚ್ಚರ ಬೇಕು. ಏಕೆಂದರೆ ಊರು ಬದಲಾದರೆ ಪದ ಬದಲಾಗುತ್ತದೆ.

ಸಂಶಯವಿದ್ದರೆ 'ಸರ್', 'ಮ್ಯಾಮ್' ಎಂದು ಶುರುಮಾಡಿ. ಫಿಲಿಪೀನ್ಸ್‌ನಲ್ಲಿ ಇವು ಅಂಗಡಿಯಿಂದ ಆಫೀಸಿನವರೆಗೆ ದಿನವೂ ಕಿವಿಗೆ ಬೀಳುವ ಪದಗಳು. ಯಾರಿಗೂ ನೋವಾಗುವುದಿಲ್ಲ. ಆಮೇಲೆ ಒಂದು ವಾರ ಸುಮ್ನೆ ಕಿವಿ ತೆರೆದಿಡಿ. ಹಳೆಯ ಶಿಷ್ಯರು ಅವರನ್ನು ಏನೆಂದು ಕರೆಯುತ್ತಾರೆ? ಮೊಮ್ಮಕ್ಕಳು ಏನೆನ್ನುತ್ತಾರೆ? ಪಕ್ಕದ ಮನೆಯವರು ಏನೆನ್ನುತ್ತಾರೆ? ಕೊನೆಗೆ ಹಿರಿಯ ಶಿಷ್ಯರೊಬ್ಬರನ್ನು ಬದಿಗೆ ಕರೆದು ಕೇಳಿ, ನಾನು ಏನೆಂದು ಕರೆದರೆ ಸರಿ ಎಂದು. ಮೊದಲ ದಿನವೇ ಮನೆಯವರ ಪದವನ್ನು ಎತ್ತಿಕೊಳ್ಳಬೇಡಿ. ಆ ಪದವನ್ನು ಅವರು ಕೊಡಬೇಕು.

ತಗಾಲೋಗ್ ಮಾತಾಡುವ ಮನಿಲಾ ಕಡೆ 'ಪೋ' ಎಂಬ ಪುಟ್ಟ ಪದ ಬಹಳ ಮುಖ್ಯ. ನಮ್ಮ 'ನೀವು', 'ರೀ' ಮಾಡುವ ಕೆಲಸವನ್ನು ಅದು ಮಾಡುತ್ತದೆ. ಹೌದು ಎನ್ನಲು 'ಓಪೋ'. ಬರೀ 'ಓಓ' ಎಂದರೆ ಸಮವಯಸ್ಕರ ಜೊತೆ ಮಾತಾಡಿದ ಹಾಗೆ. ಸ್ವಲ್ಪ ವಯಸ್ಸಾದ ಗಂಡಸಿನ ಹೆಸರಿನ ಮುಂದೆ 'ಮಾಂಗ್' ಸೇರಿಸುತ್ತಾರೆ. ನಿಮಗಿಂತ ತುಸು ಹಿರಿಯ ಜೊತೆಗಾರರಿಗೆ 'ಕುಯಾ', ಹೆಣ್ಣುಮಕ್ಕಳಾದರೆ 'ಆತೆ'. ಅಣ್ಣ, ಅಕ್ಕ ಎಂದ ಹಾಗೆ.

ಸೆಬುವಿಗೆ ಬಂದರೆ ಲೆಕ್ಕವೇ ಬೇರೆ. ಸೆಬುವಾನೊ ಭಾಷೆಯಲ್ಲಿ 'ಪೋ' ಇಲ್ಲ. ಮನಿಲಾದಲ್ಲಿ ಕಲಿತು ಬಂದವರು ಮಾತಿಗೊಂದು 'ಪೋ' ಸೇರಿಸುವುದನ್ನು ನೋಡಿದ್ದೇನೆ. ತಪ್ಪೇನಲ್ಲ, ಆದರೆ ಅದು ಆ ಊರಿನ ಮಾತಲ್ಲ. ಅಲ್ಲಿ ಮರ್ಯಾದೆ ಇರುವುದು ದನಿಯಲ್ಲಿ ಮತ್ತು ಕರೆಯುವ ಪದದಲ್ಲಿ. 'ಮನೋಯ್' ಅಥವಾ ಚಿಕ್ಕದಾಗಿ 'ನೋಯ್', 'ನೋಂಗ್'. ಹೆಂಗಸರಿಗೆ 'ಮನಾಂಗ್', 'ನಾಂಗ್'. ಇನ್ನೂ ಹಿರಿಯರಾದರೆ 'ತಾಯ್'. ಇದು ಅಪ್ಪ ಎಂಬ ಅರ್ಥದ 'ತಾತಾಯ್'ನ ಕಿರುರೂಪ. ಕನ್ನಡದ ಕಿವಿಗೆ ತಾಯಿ ಎಂದಂತೆ ಕೇಳುತ್ತದೆ. ನನಗಂತೂ ಅಪ್ಪನ ವಯಸ್ಸಿನ ಗಂಡಸನ್ನು ಹಾಗೆ ಕೂಗಲು ತಿಂಗಳುಗಟ್ಟಲೆ ಹಿಡಿಯಿತು.

'ಮನೋಂಗ್' ಎಂಬುದು ಇಲೊಕಾನೊ ಭಾಷೆಯಲ್ಲಿ ಅಣ್ಣ. ಈ ಪದಕ್ಕೆ ಸಮುದ್ರದಾಚೆ ಇನ್ನೊಂದು ತೂಕ ಬಂದಿದೆ. 1920, 30ರ ದಶಕಗಳಲ್ಲಿ ಕ್ಯಾಲಿಫೋರ್ನಿಯಾದ ಹೊಲಗಳಿಗೆ ಕೂಲಿಗೆ ಹೋದ ಫಿಲಿಪಿನೋ ಗಂಡಸರನ್ನು ಈಗಲೂ ಮನೋಂಗ್ ತಲೆಮಾರು ಎಂದೇ ಕರೆಯುತ್ತಾರೆ. ಸ್ಟಾಕ್‌ಟನ್ ಪಟ್ಟಣದ ಎಸ್ಕ್ರಿಮಾ ಆ ಜನರಿಂದ ಉಳಿದು ಬಂದದ್ದು. ಏಂಜೆಲ್ ಕಬಾಲೆಸ್ 1966ರಲ್ಲಿ ಅಲ್ಲೇ ಎಲ್ಲರಿಗೂ ಬಾಗಿಲು ತೆರೆದ ಶಾಲೆ ಶುರುಮಾಡಿದರು. ಅಲ್ಲಿನ ಹಿರಿಯರನ್ನು ಮನೋಂಗ್ ಎಂದಾಗ ಅವರ ಬೆವರನ್ನೂ ನೆನೆದ ಹಾಗೆ.

ಒಂದು ಪದದ ಬಗ್ಗೆ ಎಚ್ಚರ: 'ಆಪೊ'. ಇಲೊಕಾನೊದಲ್ಲಿ ಇದು ಬಹಳ ಮರ್ಯಾದೆಯ ಪದ, ಒಡೆಯರೇ ಎಂದ ಹಾಗೆ. ತಗಾಲೋಗ್‌ನಲ್ಲಿ ಇದೇ ಅಕ್ಷರಗಳ ಪದಕ್ಕೆ ಮೊಮ್ಮಗು ಎಂಬ ಅರ್ಥ. ಎಲ್ಲಿ ನಿಂತಿದ್ದೀರಿ ಎಂದು ತಿಳಿಯದೆ ಬಳಸಬೇಡಿ.

ಅಡ್ಡಹೆಸರು, ಅಮ್ಮನ ಹೆಸರು

ಫಿಲಿಪಿನೋಗಳು ಪ್ರೀತಿಯಿಂದ ಹೆಸರನ್ನು ಮುರಿದು ಹೊಸ ಹೆಸರು ಮಾಡುತ್ತಾರೆ. ಸೆಬುವಿನ ಹಳೆಯ ಎಸ್ಕ್ರಿಮಾದೋರ್‌ಗಳನ್ನೇ ನೋಡಿ. ವೆನಾನ್ಸಿಯೊ ಬಕೋನ್ 'ಆನ್ಸಿಯೋಂಗ್' ಆದರು. ಸಿರಿಯಾಕೊ ಕಞೇತೆ 'ಕಕೋಯ್'. ಫಿಲೆಮೋನ್ ಕಞೇತೆ 'ಮೊಮೋಯ್'. ಲೊರೆನ್ಸೊ ಸಾವೆದ್ರಾ 'ಎನ್ಸೋಂಗ್'. ಅಂತೋನಿಯೊ ಇಲುಸ್ತ್ರಿಸಿಮೊ ಅವರನ್ನು ಮನಿಲಾದಲ್ಲಿ ಎಲ್ಲರೂ 'ತಾತಾಂಗ್' ಎನ್ನುತ್ತಿದ್ದರು. ಅದು ಅಡ್ಡಹೆಸರಲ್ಲ, ಹಿರಿಯಪ್ಪ ಎಂದು ಕರೆದ ಹಾಗೆ.

ಬರಹದಲ್ಲಿ ಪೂರ್ತಿ ಹೆಸರು ಬರೆದು ನಡುವೆ ಉದ್ಧರಣ ಚಿಹ್ನೆಯಲ್ಲಿ ಅಡ್ಡಹೆಸರು ಹಾಕುವುದು ಅಲ್ಲಿನ ರೂಢಿ. ಬಾಯಲ್ಲಿ ಹೇಳುವಾಗ ಬರೀ ಅಡ್ಡಹೆಸರನ್ನು ಹೇಳಬೇಡಿ. ಮುಂದೆ ಒಂದು ಮರ್ಯಾದೆಯ ಪದ ಇರಲಿ. ತೀರಿಕೊಂಡವರ ವಿಷಯದಲ್ಲೂ ಹಾಗೆಯೇ. ಎಲ್ಲೋ ದೂರದಲ್ಲಿ ಕೂತು 'ಕಕೋಯ್ ಹೀಗೆ ಮಾಡುತ್ತಿದ್ದ' ಎಂದು ಏಕವಚನದಲ್ಲಿ ಬರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರು 1919ರಲ್ಲಿ ಹುಟ್ಟಿ 2016ರವರೆಗೆ ಬದುಕಿದವರು. ಅಷ್ಟು ವರ್ಷ ಕೋಲು ಹಿಡಿದವರಿಗೆ ಬಹುವಚನ ಕೊಡಲು ಕನ್ನಡದಲ್ಲಿ ಕಷ್ಟವೇನೂ ಇಲ್ಲ, ಅಲ್ವಾ?

ಉಚ್ಚಾರಣೆಯೂ ಮರ್ಯಾದೆಯೇ. ಇಂಗ್ಲಿಷ್ ಓದಿದ ಹಾಗೆ ಓದಿದರೆ ಬಕೋನ್ ಅವರ ಹೆಸರು ತಿನ್ನುವ ಪದಾರ್ಥವಾಗಿಬಿಡುತ್ತದೆ. ಅದು ಬ-ಕೋನ್. ಪೆಕಿತಿ ತಿರ್ಸಿಯಾ ಎಂಬ ಈ ವಿದ್ಯೆಯ ಒಂದು ಪಂಗಡದ ಹಿರಿಯರ ಮನೆತನದ ಹೆಸರು 'ಗಾಹೆ', 'ಗಾಜೆ' ಅಲ್ಲ. ಸ್ಪ್ಯಾನಿಷ್ ರೀತಿಯಲ್ಲಿ ಆ ಅಕ್ಷರಕ್ಕೆ 'ಹ' ದನಿ. ಕಞೇತೆ ಎಂದು ಬರೆಯಲು ನಮ್ಮಲ್ಲಿ 'ಞ' ಇದೆ. ವರ್ಣಮಾಲೆ ಕಲಿತ ಮೇಲೆ ನಾವು ಅಪರೂಪಕ್ಕೆ ಬಳಸುವ ಆ ಅಕ್ಷರ ಇಲ್ಲಿ ಸರಿಯಾಗಿ ಕೂತುಕೊಳ್ಳುತ್ತದೆ. ನನಗೆ ಅದು ತುಂಬಾ ಖುಷಿ ಕೊಟ್ಟಿತು.

ಈ ಹೆಸರುಗಳನ್ನು ಕೇಳಿ ಇವರೆಲ್ಲ ಸ್ಪ್ಯಾನಿಷ್ ವಂಶದವರು ಎಂದುಕೊಳ್ಳಬೇಡಿ. ಸ್ಪೇನ್ ಆಳುತ್ತಿದ್ದ ಕಾಲದಲ್ಲಿ, 1849ರಲ್ಲಿ, ಗವರ್ನರ್ ಜನರಲ್ ಕ್ಲವೆರಿಯಾ ಒಂದು ಆಜ್ಞೆ ಹೊರಡಿಸಿದ. ಅಕ್ಷರಮಾಲೆಯ ಪ್ರಕಾರ ಜೋಡಿಸಿದ ಪಟ್ಟಿಯಿಂದ ಕುಟುಂಬಗಳಿಗೆ ಮನೆತನದ ಹೆಸರು ಹಂಚಲಾಯಿತು. ಆ ಹೆಸರು ತೆರಿಗೆಗೆ, ಲೆಕ್ಕಕ್ಕೆ ಬಂದದ್ದು. ರಕ್ತದ ಗುರುತಲ್ಲ.

ಈಗ ಅಮ್ಮನ ಹೆಸರಿನ ವಿಷಯ. ಫಿಲಿಪೀನ್ಸ್‌ನಲ್ಲಿ ನಡುವಿನ ಹೆಸರು ಎಂದರೆ ತಾಯಿಯ ತವರಿನ ಮನೆತನ. ಬರಹದಲ್ಲಿ ಅದು ಒಂದೇ ಅಕ್ಷರವಾಗಿ ಕಾಣುತ್ತದೆ. ಸುಮ್ನೆ ಇದೆ ಎಂದು ನಾನು ಟಾರ್ಪಾಲಿನ್‌ನಿಂದ ಅದನ್ನು ತೆಗೆಸಿದ್ದೆ, ಅಕ್ಷರ ದೊಡ್ಡದಾಗಿ ಕಾಣಲಿ ಎಂದು. ಆದರೆ ನನ್ನ ಮೇಷ್ಟ್ರಿಗೆ ವಿದ್ಯೆ ಬಂದದ್ದು ಸೋದರಮಾವನಿಂದ. ಅಂದರೆ ಅಮ್ಮನ ಮನೆಯಿಂದ. ಆ ಒಂದು ಅಕ್ಷರವೇ ಅವರ ಪಾಠಶಾಲೆ.

ಇದು ಅವರೊಬ್ಬರ ಕತೆಯಲ್ಲ. ಲಿಯೊ ಟಿ. ಗಾಹೆ ಜೂನಿಯರ್ ಎಂಬ ಹೆಸರಿನ 'ಟಿ' ಎಂದರೆ ತೋರ್ತಾಲ್. ಪೆಕಿತಿ ತಿರ್ಸಿಯಾ ತೋರ್ತಾಲ್ ಮನೆತನದ ವಿದ್ಯೆ. ಅವರಿಗೆ ಅದನ್ನು ಕೊಟ್ಟವರು ತಾಯಿಯ ತಂದೆ ಕೊನ್ರಾದೊ ತೋರ್ತಾಲ್. ಆ ಅಕ್ಷರ ಬಿಟ್ಟರೆ ಕತೆಯೇ ಬಿಟ್ಟುಹೋಗುತ್ತದೆ. 'ಜೂನಿಯರ್' ಎಂಬುದನ್ನೂ ಬಿಡಬೇಡಿ. ಅಪ್ಪ ಮಗ ಇಬ್ಬರೂ ಒಂದೇ ಹೆಸರಿನಲ್ಲಿ ಕೋಲು ಹಿಡಿದ ಮನೆಗಳಿವೆ. ಮದುವೆಯಾದ ಹೆಂಗಸು ಗಂಡನ ಮನೆತನದ ಹೆಸರು ಸೇರಿಸಿಕೊಂಡರೆ ಅವರ ಸ್ವಂತ ಮನೆತನ ನಡುವಿಗೆ ಸರಿಯುತ್ತದೆ. ಹಿರಿಯ ಶಿಕ್ಷಕಿಯ ವಿದ್ಯೆ ಅವರ ಅಪ್ಪನಿಂದ ಬಂದಿದ್ದರೆ ಆ ನಡುವಿನ ಹೆಸರನ್ನು ಪೂರ್ತಿ ಬರೆಯುವುದೇ ಒಳ್ಳೆಯದು.

ಬಿರುದುಗಳು

'ಗುರೋ' ಎಂಬ ಪದ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಅದು ನಮ್ಮ 'ಗುರು'ವೇ. ಸಂಸ್ಕೃತದಿಂದ ಮಲಯ ಭಾಷೆಯ ಮೂಲಕ ತಗಾಲೋಗ್ ಸೇರಿದೆ. ಆದರೆ ನಾವು ಗುರು ಎಂದಾಗ ಬರುವ ಭಾರ ಅಲ್ಲಿ ಇಲ್ಲ. ಶಾಲೆಯ ಟೀಚರ್ ಕೂಡ ಗುರೋ. ಹಾಗಾಗಿ ಈ ಪದವನ್ನು ನಮ್ಮ ಅರ್ಥದಲ್ಲಿ ಉಬ್ಬಿಸಿಕೊಂಡು ಕಾಲಿಗೆ ಬೀಳಲು ಹೋಗಬೇಡಿ. ಅಲ್ಲಿ ಆ ಪದ್ಧತಿ ಇಲ್ಲ. ಅವರಿಗೆ ಮುಜುಗರವಾಗುತ್ತದೆ.

'ಪುನೋಂಗ್ ಗುರೋ' ಎಂದರೆ ಮುಖ್ಯ ಶಿಕ್ಷಕ. 'ಮಾಯೆಸ್ತ್ರೊ' ಸ್ಪ್ಯಾನಿಷ್ ಪದ, ಹಳಬರಿಗೆ ಹತ್ತಿರದ್ದು. 'ತುಹೋನ್' ಪೆಕಿತಿ ತಿರ್ಸಿಯಾ ಮತ್ತು ಅದರಿಂದ ಕವಲೊಡೆದ ಪಂಗಡಗಳ ಬಿರುದು. ಸೆಬುವಿನ ಬಾಲಿಂತವಾಕ್ ಎಂಬ ಬೇರೆ ಸಂಘದ ಹಿರಿಯರನ್ನು ತುಹೋನ್ ಎಂದರೆ ಬೇರೆ ಮನೆಯ ಅಂಗಿ ತೊಡಿಸಿದ ಹಾಗೆ. 'ಲಕಾನ್', 'ದಯಾಂಗ್' ಮಾಡರ್ನ್ ಅರ್ನಿಸ್‌ನಲ್ಲಿ ಕಪ್ಪು ಬೆಲ್ಟ್‌ನವರಿಗೆ, ಮೊದಲನೆಯದು ಗಂಡಸರಿಗೆ, ಎರಡನೆಯದು ಹೆಂಗಸರಿಗೆ. ಹಳೆಯ ಕಾಲದ ಗಣ್ಯರಿಗಿದ್ದ ಪದಗಳವು. ನೆಗ್ರೊಸ್‌ನ ಹಿನಿಗರಾನ್‌ನಲ್ಲಿ ಹುಟ್ಟಿದ ರೆಮಿ ಪ್ರೆಸಾಸ್ ಕಟ್ಟಿದ ಪದ್ಧತಿ ಅದು. ಅವರು ಬೆಲ್ಟ್, ಸಮವಸ್ತ್ರ, ಹಂತಗಳನ್ನು ತಂದು ಶಾಲೆಯಲ್ಲಿ ಕಲಿಸುವ ಹಾಗೆ ಮಾಡಿದರು. ಹಿತ್ತಲಲ್ಲಿ ಕಲಿಸುವ ಎಷ್ಟೋ ಹಿರಿಯರಿಗೆ ಬೆಲ್ಟೇ ಇರಲಿಲ್ಲ. ಅವರ ಹಂತ ಯಾವುದು ಎಂದು ಕೇಳಬೇಡಿ.

'ಗ್ರ್ಯಾಂಡ್‌ಮಾಸ್ಟರ್' ಇಂಗ್ಲಿಷ್ ಪದ. ಈಗ ಎಲ್ಲ ಕಡೆ ಇದೆ, ಎಷ್ಟೋ ಜನ ಅದಕ್ಕೆ ಯೋಗ್ಯರೂ ಹೌದು. ಆದರೆ ಅದನ್ನು ಅವರ ಸಂಘ ಕೊಟ್ಟಿರಬೇಕು, ಇಲ್ಲವೇ ಅವರೇ ಬಳಸುತ್ತಿರಬೇಕು. ನೀವು ಪ್ರೀತಿಯಿಂದ ತೊಡಿಸಿದರೂ ಪಕ್ಕದ ಬೀದಿಯ ಇನ್ನೊಬ್ಬ ಹಿರಿಯರು ಕೇಳುತ್ತಾರೆ, ಇವನು ಯಾವಾಗ ಗ್ರ್ಯಾಂಡ್‌ಮಾಸ್ಟರ್ ಆದ ಎಂದು. ಆ ಮಾತಿಗೆ ಉತ್ತರ ಕೊಡಬೇಕಾದವರು ನೀವಲ್ಲ, ನಿಮ್ಮ ಮೇಷ್ಟ್ರು. ನನ್ನ ಟಾರ್ಪಾಲಿನ್ ಬೀದಿಗೆ ಬಿದ್ದಿದ್ದರೆ ಆಗುತ್ತಿದ್ದದ್ದು ಅದೇ.

ನಿಮಗೆ ನೀವೇ ಬಿರುದು ಇಟ್ಟುಕೊಳ್ಳಬೇಡಿ. ಎರಡು ವಾರದ ಶಿಬಿರ ಮುಗಿಸಿ 'ಗುರೋ' ಆಗಬೇಡಿ. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಕೈ ಹಿಡಿಯುವುದು, ಕೋಲು ಹಿಡಿಯುವುದು

ಹಿರಿಯರ ಬಲಗೈಯನ್ನು ಮೆಲ್ಲಗೆ ಹಿಡಿದು, ಸ್ವಲ್ಪ ಬಾಗಿ, ಆ ಕೈಯ ಹಿಂಬದಿಯನ್ನು ನಿಮ್ಮ ಹಣೆಗೆ ಮುಟ್ಟಿಸಿಕೊಳ್ಳುವುದಕ್ಕೆ 'ಮಾನೊ' ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ಮಾನೊ ಎಂದರೆ ಕೈ. ತಗಾಲೋಗ್‌ನಲ್ಲಿ 'ಮಾನೊ ಪೋ' ಎಂದು ಹೇಳಿ ಕೈ ಕೇಳುತ್ತಾರೆ. ದೇವರು ನಿನ್ನನ್ನು ಕರುಣಿಸಲಿ ಎಂದು ಹಿರಿಯರು ಹರಸುತ್ತಾರೆ. ಸೆಬುವಿನಲ್ಲಿ 'ಆಮಿನ್' ಎನ್ನುವುದನ್ನು ಕೇಳಿದ್ದೇನೆ. 'ಬ್ಲೆಸ್' ಎನ್ನುವ ಮಕ್ಕಳೂ ಜಾಸ್ತಿ.

ಇದನ್ನು ಮಾಡುವ ಜಾಗ ಮನೆ. ಒಳಗೆ ಬಂದಾಗ ಮತ್ತು ಹೊರಡುವಾಗ. ಮೇಷ್ಟ್ರಿಗೆ ಮಾತ್ರ ಮಾಡಿ ಅವರ ಹೆಂಡತಿಯನ್ನು ಬಿಡಬೇಡಿ. ಅಡುಗೆಮನೆಯಲ್ಲಿ ಅಜ್ಜಿ ಇದ್ದರೆ ಅಲ್ಲಿಗೇ ಹೋಗಿ. ಕೈಯನ್ನು ಎಳೆಯಬೇಡಿ, ಮುತ್ತಿಡಬೇಡಿ, ಹಣೆಗೆ ತಾಗಿದರೆ ಸಾಕು. ನಿಮಗಿಂತ ಹತ್ತು ವರ್ಷ ದೊಡ್ಡವರಿಗೆ ಮಾಡಲು ಹೋಗಬೇಡಿ. ನನಗೇನು ಅಷ್ಟು ವಯಸ್ಸಾಯಿತೇ ಎಂದು ಅವರಿಗೆ ಅನ್ನಿಸಬಹುದು. ಮನೆಯ ಮಕ್ಕಳು ಯಾರಿಗೆ ಮಾಡುತ್ತಾರೋ ನೋಡಿ ಅವರಿಗೆ ಮಾಡಿ.

ಅಭ್ಯಾಸದ ಜಾಗದಲ್ಲಿ ಮಾಡುವ ವಂದನೆಗೆ 'ಪುಗಾಯ್' ಎನ್ನುತ್ತಾರೆ. ಕೋಲು ಎದೆಗೋ ಹಣೆಗೋ ಹೋಗುತ್ತದೆ. ಒಂದೊಂದು ಸಂಘದ್ದು ಒಂದೊಂದು ರೀತಿ. ನೀವು ಬೇರೆ ಕಡೆ ಕಲಿತ ವಂದನೆಯನ್ನು ಅಲ್ಲಿ ತೋರಿಸಬೇಡಿ. ಹಿಂದಿನ ಸಾಲಿನಲ್ಲಿ ನಿಂತು ಅವರದನ್ನು ನೋಡಿ ಕಲಿಯಿರಿ. ಕತ್ತಿಯನ್ನೋ ಮಚ್ಚಿನಂಥ ಬೋಲೊವನ್ನೋ ಕೊಡುವಾಗ ಹಿಡಿ ಅವರ ಕಡೆಗಿರಲಿ.

ವಯಸ್ಸಾದ ಮೇಷ್ಟ್ರ ಎದುರು ಕೋಲು ಹಿಡಿದಾಗ ಒಂದು ಆಸೆ ಹುಟ್ಟುತ್ತದೆ. ಇವರ ಮಂಡಿ ನಿಧಾನ, ನಾನು ಬೇಗ, ಒಂದು ಹೊಡೆತ ಒಳಗೆ ತೂರಿಸಿ ನೋಡೋಣ ಎಂದು. ಅದನ್ನು ಅಲ್ಲೇ ನುಂಗಿ. ಬಾಲಿಂತವಾಕ್‌ನಲ್ಲಿ 'ಆಗಾಕ್' ಎಂಬ ಕಲಿಸುವ ಬಗೆ ಇದೆ. ಪುಟ್ಟ ಮಗುವಿನ ಕೈ ಹಿಡಿದು ನಡೆಸುವುದಕ್ಕೆ ಸೆಬುವಾನೊದಲ್ಲಿ ಇರುವ ಪದ ಅದು. ಮೇಷ್ಟ್ರು ಹೊಡೆಯುತ್ತಾರೆ, ನೀವು ತಡೆಯುತ್ತೀರಿ. ಅವರ ಎಡಗೈ ನಿಮ್ಮ ಕೋಲನ್ನು ತಡೆದು, ತಳ್ಳಿ, ದಾರಿ ತೋರಿಸುತ್ತದೆ. ವೇಗ ಹೆಚ್ಚಿಸುವುದೂ ತಗ್ಗಿಸುವುದೂ ಅವರ ಕೈಯಲ್ಲಿ. ಕೈ ಹಿಡಿದು ನಡೆಸುವವರನ್ನು ಮಗು ಎಳೆದಾಡಿದರೆ ಇಬ್ಬರೂ ಬೀಳುತ್ತಾರೆ. ನನ್ನ ಮೇಷ್ಟ್ರ ಎಡಗೈ ಕೊನೆಯ ವರ್ಷಗಳಲ್ಲಿ ನಡುಗುತ್ತಿತ್ತು. ಕೋಲಿಗೆ ತಾಗಿದ ಕ್ಷಣ ನಡುಕ ನಿಲ್ಲುತ್ತಿತ್ತು. ಅದನ್ನು ಅಷ್ಟು ಹತ್ತಿರದಿಂದ ನೋಡಲು ಸಿಕ್ಕಿದ್ದು ನಾನು ಸುಮ್ಮನೆ ನಡೆಸಿಕೊಂಡದ್ದರಿಂದ.

ಸಾಲು ಹೇಳುವುದು

ನೀವು ಯಾರ ಶಿಷ್ಯರು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಉತ್ತರ ತಯಾರಿರಲಿ. ನಾನು ಹೀಗೆ ಹೇಳುತ್ತೇನೆ: ನನ್ನ ಹೆಸರು ಇಂಥದ್ದು, ನಾನು ಇಂಥವರ ಹತ್ತಿರ ಇಷ್ಟು ವರ್ಷ ಕಲಿತೆ, ಅವರು ತಮ್ಮ ಸೋದರಮಾವ ಇಂಥವರಿಂದ ಕಲಿತರು. ಅಷ್ಟೇ. ನಿಮಗೆ ಗೊತ್ತಿರುವ ಕೊನೆಯ ಹೆಸರಿಗೆ ನಿಲ್ಲಿಸಿ. ಅದರಾಚೆ ರಾಜ, ಯುದ್ಧ, ಸಾವಿರ ವರ್ಷ ಎಂದು ಪೋಣಿಸಬೇಡಿ. ವರ್ಷಗಳನ್ನು ಸುತ್ತು ಅಂಕಿ ಮಾಡಬೇಡಿ. ಆರು ತಿಂಗಳಾದರೆ ಆರು ತಿಂಗಳು ಎನ್ನಿ.

ಸಂಘದ ಹೆಸರಿನ ಹಿಂದಿನ ಕತೆಯನ್ನೂ ತಿಳಿದುಕೊಳ್ಳಿ. ಲೊರೆನ್ಸೊ ಸಾವೆದ್ರಾ ಅವರ ಲಬಾಂಗೊನ್ ಫೆನ್ಸಿಂಗ್ ಕ್ಲಬ್ ಮುಚ್ಚಿದ ಮೇಲೆ ಸೆಬುವಿನಲ್ಲಿ 1932ರ ಜನವರಿಯಲ್ಲಿ ಸಾವೆದ್ರಾ ಮತ್ತು ಕಞೇತೆ ಮನೆಯವರು ಸೇರಿ 'ದೋಸೆ ಪಾರೆಸ್' ಕಟ್ಟಿದರು. ದೋಸೆ ಎಂದರೆ ಹನ್ನೆರಡು, ತಿಂಡಿಯ ನೆನಪು ಬೇಡ. ಸಾವೆದ್ರಾ ಅವರ ಶಿಷ್ಯರಾದ ಬಕೋನ್ ಕೂಡ ಅಲ್ಲಿದ್ದರು. ಆಮೇಲೆ ಹೊರಬಂದು 1952ರಲ್ಲಿ ತಮ್ಮದೇ ಸಂಘ ಮಾಡಿದರು. ಶಿಷ್ಯನೊಬ್ಬನ ಗಡಿಯಾರ ರಿಪೇರಿ ಅಂಗಡಿಯ ಹಿಂದೆ ಅವರು ಕಲಿಸುತ್ತಿದ್ದರು. ಆ ಬೀದಿಯ ಹೆಸರು ಬಾಲಿಂತವಾಕ್. ಸಂಘಕ್ಕೂ ಅದೇ ಹೆಸರು ಬಂತು. ಸ್ಪೇನ್ ವಿರುದ್ಧ ನಡೆದ 1896ರ ಕ್ರಾಂತಿಯ ಕತೆಯಲ್ಲಿ ಬರುವ ಬಾಲಿಂತವಾಕ್ ಮನಿಲಾ ಹತ್ತಿರದ್ದು. ಎರಡನ್ನೂ ಕಲಸಿ ಹೇಳುವವರು ಬಹಳ.

ಈ ಎರಡು ಸಂಘಗಳ ನಡುವೆ ದಶಕಗಳ ಪೈಪೋಟಿ ಇತ್ತು. ಈಗ ಅದು ತಣ್ಣಗಾಗಿದೆ. ಆದರೂ ಒಂದು ಮನೆಯಲ್ಲಿ ಕೂತು ಇನ್ನೊಂದು ಮನೆಯ ಹಿರಿಯರನ್ನು ಹೋಲಿಸಬೇಡಿ. ಯಾರು ಯಾರನ್ನು ಸೋಲಿಸಿದರು ಎಂಬ ಕತೆ ಎರಡೂ ಕಡೆ ಬೇರೆ ಬೇರೆ ಇರುತ್ತದೆ. ಬಾಲಿಂತವಾಕ್‌ನಲ್ಲೇ ಹಲವು ಕವಲುಗಳಿವೆ. 'ನಾನು ಬಾಲಿಂತವಾಕ್' ಎಂದರೆ ಅಲ್ಲಿನವರು ಮರುಕ್ಷಣ 'ಯಾರ ಬಾಲಿಂತವಾಕ್?' ಎನ್ನುತ್ತಾರೆ. ಅದು ಜಗಳವಲ್ಲ. ನಿಮ್ಮ ಮೇಷ್ಟ್ರ ಹೆಸರು ಕೇಳುತ್ತಿದ್ದಾರೆ, ಅಷ್ಟೇ.

ಇನ್ನೊಬ್ಬರ ಹತ್ತಿರವೂ ಕಲಿಯುವ ಆಸೆಯಾದರೆ? ಮೊದಲು ನಿಮ್ಮ ಮೇಷ್ಟ್ರಿಗೆ ಹೇಳಿ. ಮುಖ ನೋಡಿ ಹೇಳಿ, ಮೆಸೇಜ್‌ನಲ್ಲಿ ಬೇಡ. ಫಿಲಿಪಿನೋಗಳಲ್ಲಿ 'ಊತಾಂಗ್ ನ ಲೋಓಬ್' ಎಂಬ ಮಾತಿದೆ. ಮನಸ್ಸಿನೊಳಗಿನ ಸಾಲ ಎಂದು ಹೇಳಬಹುದು. ದುಡ್ಡಿನ ಸಾಲದ ಹಾಗೆ ಅದನ್ನು ತೀರಿಸಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ನನ್ನ ಮೇಷ್ಟ್ರಿಗೆ ನಾನು ಹೀಗೆ ಹೇಳಿದಾಗ ಅವರೇ ಒಂದು ಹೆಸರು ಸೂಚಿಸಿ, ನನ್ನ ಹೆಸರು ಹೇಳು ಎಂದು ಕಳಿಸಿದರು. ಹೇಳದೆ ಹೋಗಿದ್ದರೆ ಆ ಬಾಗಿಲು ಅರ್ಧವೇ ತೆರೆಯುತ್ತಿತ್ತು.

ವಿಡಿಯೊ, ಫೋಟೊ ಕೇಳಿಯೇ ತೆಗೆಯಿರಿ. ಹಾಕುವ ಮುಂಚೆ ಕೆಳಗೆ ಬರೆಯುವ ಸಾಲನ್ನು ಅವರ ಮನೆಯವರಿಗೆ ಓದಿ ಹೇಳಿ. ದಕ್ಷಿಣೆ ತೆಗೆದುಕೊಳ್ಳದ ಹಿರಿಯರಿದ್ದಾರೆ. ಹಳೆಯ ಶಿಷ್ಯರನ್ನು ಕೇಳಿ, ಲಕೋಟೆಯಲ್ಲಿಟ್ಟು, ಯಾರೂ ಇಲ್ಲದಾಗ ಕೊಡಿ. ಊರಿಗೆ ಹೋಗಿ ಬಂದಾಗ 'ಪಸಾಲುಬೋಂಗ್' ತರುವುದು ಅಲ್ಲಿನ ರೂಢಿ, ಪ್ರಯಾಣದಿಂದ ತರುವ ಚಿಕ್ಕ ಉಡುಗೊರೆ. ಮನೆಗೆಲ್ಲ ಆಗುವಷ್ಟು ತನ್ನಿ.

ತೀರಿಕೊಂಡ ಮೇಲೆ

ಹಿರಿಯರು ಹೋದಾಗ ಒಂಬತ್ತು ದಿನ ಪ್ರಾರ್ಥನೆ ಇರುತ್ತದೆ. ನಲವತ್ತನೇ ದಿನವೂ ಇರುತ್ತದೆ. ಎಲ್ಲ ದಿನ ಹೋಗಲಾಗದಿದ್ದರೆ ಒಂದು ದಿನವಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ನಿಮ್ಮ ಧರ್ಮ ಯಾವುದು ಎಂದು ಯಾರೂ ಕೇಳುವುದಿಲ್ಲ. ಶಾಲೆ ಇನ್ನು ಯಾರದು ಎಂಬ ಮಾತನ್ನು ಆ ನಲವತ್ತು ದಿನ ಎತ್ತಬೇಡಿ. ಆ ಕುತೂಹಲದಲ್ಲಿ ಒಡೆದ ಮನೆಗಳು ಕಡಿಮೆಯೇನಿಲ್ಲ.

ನನ್ನ ಮೇಷ್ಟ್ರ ಸಮಾಧಿಯ ಕಲ್ಲಿನ ಮೇಲೆ ಏನು ಬರೆಸಬೇಕು ಎಂದು ಮಗಳು ನಮ್ಮನ್ನೆಲ್ಲ ಕೂರಿಸಿ ಕೇಳಿದಳು. ಹೆಸರು, ಉದ್ಧರಣ ಚಿಹ್ನೆಯಲ್ಲಿ ಅಡ್ಡಹೆಸರು, ಅಮ್ಮನ ಮನೆತನ ಒಂದೇ ಅಕ್ಷರವಾಗಿ ಅಲ್ಲ, ಪೂರ್ತಿಯಾಗಿ. ಕೆಳಗೆ 'ಎಸ್ಕ್ರಿಮಾದೋರ್'. ಬೇರೆ ಬಿರುದು ಬೇಡ ಎಂದು ಎಲ್ಲರೂ ಒಪ್ಪಿದರು.

ನವೆಂಬರ್ 1 ಮತ್ತು 2ರಂದು ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಸೆಬುವಿನಲ್ಲಿ ಇದಕ್ಕೆ 'ಕಲಾಗ್-ಕಲಾಗ್' ಎನ್ನುತ್ತಾರೆ. ಹೂವು, ಮೇಣದಬತ್ತಿ, ಊಟದ ಡಬ್ಬಿ ಹಿಡಿದು ಬೆಳಿಗ್ಗೆಯೇ ಹೋಗಿ. ಹುಲ್ಲು ಕೀಳಲು, ಕಲ್ಲು ತೊಳೆಯಲು ಕೈ ಕೊಡಿ. ನಮ್ಮ ಮೇಷ್ಟ್ರ ಸೋದರಮಾವನ ಸಮಾಧಿ ಅದೇ ಸ್ಮಶಾನದಲ್ಲಿ ನಾಲ್ಕು ಸಾಲು ಆಚೆಗಿದೆ. ಮೊದಲ ಬತ್ತಿಯನ್ನು ಅಲ್ಲಿ ಹಚ್ಚಿ, ಆಮೇಲೆ ನಮ್ಮ ಮೇಷ್ಟ್ರ ಹತ್ತಿರ ಬರುತ್ತೇವೆ.